ಎರಡನೆಯ ಸೂಜಿ

ಜನವರಿ ೯

ಅಕ್ಕ,

ನಿನ್ನೆ ಬೆಳಿಗ್ಗೆ ಮನೆ ತಲುಪಿದೆವು. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಲೇತ್ ಯಂತ್ರದ ಪಕ್ಕ ಇಷ್ಟು ವರ್ಷ ನಿಂತ ಕಿವಿಗೆ ಎದುರಿಗಿರುವವರ ಮಾತೇ ಅರ್ಧ ಸಿಗುತ್ತದೆ. ಫೋನಿನಲ್ಲಿ ನಾನು ಬರೀ ಕೂಗುತ್ತೇನೆ, ನೀನು ಜಗಳ ಎಂದುಕೊಳ್ಳುತ್ತೀಯ. ಕಾಗದದಲ್ಲಾದರೆ ಜಗಳವನ್ನು ನಿಧಾನವಾಗಿ ಆಡಬಹುದು.

ಮಂಗಳವಾರ ನಿಮ್ಮ ಆಸ್ಪತ್ರೆಯಲ್ಲಿ ನಿನ್ನ ಕೌಂಟರಿನ ಗಾಜಿನ ಮುಂದೆ ನಿಂತಾಗಲೂ ಹೀಗೇ ಆಯಿತು. ನಿನ್ನ ತುಟಿ ಆಡಿದ್ದು ಕಂಡಿತು, ಮಾತು ಬರಲಿಲ್ಲ. ಇವಳೇ ನನ್ನ ಕಡೆ ತಿರುಗಿ, ಇವತ್ತು ಅಲರ್ಜಿ ಪರೀಕ್ಷೆ ಇಲ್ಲವಂತೆ, ಔಷಧ ಕೆಟ್ಟಿದೆಯಂತೆ, ಏಪ್ರಿಲ್ ಇಪ್ಪತ್ತೆರಡಕ್ಕೆ ಬರಬೇಕಂತೆ ಎಂದಳು. ನಮ್ಮ ಹಿಂದೆ ನಿಂತಿದ್ದವರಿಗೂ ನೀನು ಅದೇ ಮುಖದಲ್ಲಿ ಅದನ್ನೇ ಹೇಳುತ್ತಿದ್ದೆ. ಒಳಗೆ ಅಕ್ಕ ಇದ್ದಾಳೆ ಎಂದು ಬಸ್ಸಿನುದ್ದಕ್ಕೂ ಹೆಂಡತಿಗೆ ಧೈರ್ಯ ಹೇಳಿಕೊಂಡು ಬಂದವನಿಗೆ ಆ ಮುಖ ಹೇಗೆ ಕಂಡಿರಬೇಕು, ಯೋಚಿಸು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಗೊತ್ತಿದ್ದವಳ ಹಾಗೆ ನೀನು ನಡೆದುಕೊಳ್ಳಲಿಲ್ಲವಾದ್ದರಿಂದ. ಮೂರು ವರ್ಷದ ಹಿಂದೆ ತೋಳಿನ ಗಂಟು ತೆಗೆಸಲು ಇಲ್ಲಿಯ ಸರ್ಕಾರಿ ಆಸ್ಪತ್ರೆಗೆ ಹೋದಾಗ ಮೇಜಿನ ಮೇಲೇ ಇವಳ ಮೈ ಊದಿ ಉಸಿರು ಕಟ್ಟಿತು. ಬದುಕಿಸಿದರು, ಅದು ಅವರ ದೊಡ್ಡತನ. ಆದರೆ ಒಂದರ ಹಿಂದೊಂದು ಕೊಟ್ಟ ಐದು ಔಷಧಗಳಲ್ಲಿ ಯಾವುದು ಹೀಗೆ ಮಾಡಿತು ಎಂದು ಯಾರಿಗೂ ಗೊತ್ತಿಲ್ಲ. ಕಾರ್ಡಿನ ಮೂಲೆಯಲ್ಲಿ ಕೆಂಪು ಶಾಯಿಯಿಂದ ‘ಅಲರ್ಜಿ’ ಎಂದು ಬರೆದು ಮನೆಗೆ ಕಳಿಸಿದರು. ಈಗ ಪಿತ್ತಕೋಶದಲ್ಲಿ ಕಲ್ಲು. ನೋವು ಬಂದ ದಿನ ಇವಳು ಅಡುಗೆಮನೆಯ ನೆಲದ ಮೇಲೆ ಮೊಣಕಾಲು ಮಡಿಚಿ ಮಲಗುತ್ತಾಳೆ. ಕಲ್ಲು ತೆಗೆಯಿರಿ ಎಂದರೆ ಅದೇ ಆಸ್ಪತ್ರೆಯ ಸರ್ಜನ್ನು ಕೆಂಪು ಅಕ್ಷರದ ಮೇಲೆ ಬೆರಳಿಟ್ಟು, ಯಾವ ಔಷಧ ಇವಳಿಗೆ ಆಗುವುದಿಲ್ಲ ಎಂದು ನಿಮ್ಮ ಅಲರ್ಜಿ ವಿಭಾಗದಿಂದ ಕಾಗದ ತರುವವರೆಗೆ ಕತ್ತರಿ ಮುಟ್ಟುವುದಿಲ್ಲ ಎನ್ನುತ್ತಾರೆ. ನಿಮ್ಮ ವಿಭಾಗವೋ, ಇರುವುದೇ ಒಂದು, ತೆರೆಯುವುದು ಮಂಗಳವಾರ ಮಾತ್ರ.

ಮೈಮೇಲೆ ಏಳುವ ತುರಿಕೆಯ ಗಂಧೆಗೆಂದು ಇವಳು ದಿನಾ ನುಂಗುವ ಮಾತ್ರೆಯನ್ನು ನಿಮ್ಮ ಚೀಟಿಯಲ್ಲಿದ್ದ ಹಾಗೆ ಒಂದು ವಾರ ನಿಲ್ಲಿಸಿದ್ದೆವು. ಮೂರನೆಯ ದಿನಕ್ಕೆ ಬೆನ್ನು, ತೊಡೆ, ಅಂಗಾಲು ಎಲ್ಲ ಕಡೆ ಎದ್ದವು. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವಳು, ಬಿಳಿ ಬಟ್ಟೆಗೆ ರಕ್ತ ತಾಗುತ್ತದೆ ಎಂದು ಮಿಷನ್ನಿಗೆ ಮುಸುಕು ಹಾಕಿ ಎದ್ದಳು. ಔಷಧ ಕೆಟ್ಟಿದೆ ಎಂದು ಸ್ವಲ್ಪ ಮೊದಲೇ ತಿಳಿಸಿದ್ದರೆ ಅಷ್ಟು ದೂರದ ಪ್ರಯಾಣವಾದರೂ ಉಳಿಯುತ್ತಿತ್ತು. ತಿಳಿಸುವುದು ಯಾರ ಕೆಲಸ? ಕೇಳುತ್ತಿದ್ದೇನೆ, ಅಷ್ಟೆ.

ತಮ್ಮ


ಜನವರಿ ೧೭

ತಮ್ಮಯ್ಯ,

ಯಾರದೂ ಅಲ್ಲ. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಅದು, ಮೊದಲೇ ಹೇಳಿಬಿಡುತ್ತೇನೆ.

ಪರೀಕ್ಷೆಯ ಔಷಧ ಸ್ಟೋರಿನ ತಂಪು ಪೆಟ್ಟಿಗೆಯಲ್ಲಿರುತ್ತದೆ. ಭಾನುವಾರ ಕರೆಂಟು ಹೋಗಿ ಕೆಟ್ಟಿತು. ಸ್ಟೋರಿನವರಿಗೆ ಸೋಮವಾರ ತಿಳಿಯಿತು, ಡಾಕ್ಟರಮ್ಮನಿಗೆ ಮಂಗಳವಾರ ಬೆಳಿಗ್ಗೆ, ನನಗೆ ನೀವೆಲ್ಲ ಸಾಲಿನಲ್ಲಿ ನಿಂತ ಮೇಲೆ. ಸ್ಟೋರಿನವರು ಡಾಕ್ಟರಿಗೆ ತಿಳಿಸಬೇಕೆಂದು ನಿಯಮವಿದೆ. ಎದುರಿಗೆ ಬಂದ ರೋಗಿಗೆ ನಾನು ಹೇಳಬೇಕೆಂದಿದೆ. ಇನ್ನೂ ಬಾರದ ರೋಗಿಗೆ ಹೇಳುವ ಪದ್ಧತಿ ಇಲ್ಲ. ನಮ್ಮ ಕಚೇರಿಯ ದೃಷ್ಟಿಯಲ್ಲಿ ನೀವು ಬಸ್ಸಿನಲ್ಲಿದ್ದಷ್ಟು ಹೊತ್ತು ಇರಲೇ ಇಲ್ಲ.

ನನ್ನ ಮುಖದ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ಗಾಜಿನಲ್ಲಿ ಮಾತಿಗೆಂದು ಕೊರೆದ ತೂತುಗಳು ಎದೆಯ ಎತ್ತರಕ್ಕಿವೆ. ಎಲ್ಲರೂ ಬಗ್ಗಿ ಮಾತಾಡುತ್ತಾರೆ, ನನಗೆ ಕಾಣುವುದು ನೆತ್ತಿಗಳು. ಕೇಳಿಸುವುದಿಲ್ಲವಾದ್ದರಿಂದ ಬಗ್ಗದೆ ನಿಂತವನು ನೀನೊಬ್ಬನೇ. ಹಾಗಾಗಿ ನಿನ್ನ ಮುಖ ಮಾತ್ರ ಪೂರ್ತಿ ಕಂಡಿತು. ನಿನ್ನನ್ನು ಒಳಗೆ ಕರೆದು ಕೂರಿಸಿದ್ದರೆ ಹಿಂದಿನವರಿಗೆ ಯಾವ ಮುಖ ತೋರಿಸಬೇಕಿತ್ತು, ಅದನ್ನೂ ಬರೆ.

ಏಪ್ರಿಲ್ ಇಪ್ಪತ್ತೆರಡು. ಹಿಂದಿನ ಏಳು ದಿನ ಗಂಧೆ ಮಾತ್ರೆ ಇಲ್ಲ, ನೆಗಡಿ ಮಾತ್ರೆ ಇಲ್ಲ, ಕೆಮ್ಮಿನ ಸಿರಪ್ಪೂ ಇಲ್ಲ. ಹದಿನೈದು ದಿನದೊಳಗೆ ಜ್ವರವೋ ಬೇರೆ ಕಾಯಿಲೆಯೋ ಬಂದು ಆಸ್ಪತ್ರೆ ಸೇರಿದ್ದರೆ ಪರೀಕ್ಷೆ ಮಾಡುವುದಿಲ್ಲ, ಮುಂದಿನ ದಿನಾಂಕ. ನಿನ್ನ ಹೆಂಡತಿಗೆ ಇದನ್ನು ಓದಿ ಹೇಳು. ಮೊದಲಿನಿಂದಲೂ ಅವಳು ಇಂಥ ವಿಷಯದಲ್ಲಿ ಸ್ವಲ್ಪ ಸಡಿಲ. ಬೇಜಾರಾಗಬೇಡ, ಕಂಡದ್ದನ್ನು ಹೇಳಿದೆ.

ಅಕ್ಕ


ಏಪ್ರಿಲ್ ೨೪

ಅಕ್ಕ,

ಈ ಸಲ ಔಷಧ ಇತ್ತು, ಡಾಕ್ಟರಮ್ಮ ಇದ್ದರು, ಚುಚ್ಚುವುದಕ್ಕೂ ಶುರು ಮಾಡಿದರು. ಅಷ್ಟರಮಟ್ಟಿಗೆ ಸುಧಾರಣೆ.

ನೀನು ಹೊರಗಿದ್ದೆ, ಒಳಗೇನಾಯಿತು ಹೇಳುತ್ತೇನೆ. ಮೊದಲನೆಯ ಚುಚ್ಚು ಬರೀ ಗುರುತಿಗೆ, ಅದು ಎಲ್ಲರಿಗೂ ಗುಳ್ಳೆಯಾಗಿ ಏಳಲೇಬೇಕು, ಅದು ಎದ್ದರೆ ಮಾತ್ರ ಉಳಿದವಕ್ಕೆ ಅರ್ಥ ಎಂದರು. ಗಡಿಯಾರ ನೋಡಿಕೊಂಡು ಕೂತೆವು. ಏಳಲಿಲ್ಲ. ಡಾಕ್ಟರಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಮಾತ್ರೆ ತಗೊಂಡಿದ್ದೀರಾ.”

“ಇಲ್ಲ ಡಾಕ್ಟ್ರೇ. ಒಂದೂ ತಗೊಂಡಿಲ್ಲ.”

“ಚರ್ಮ ಬೇರೆ ಹೇಳ್ತಿದೆಯಲ್ಲಮ್ಮ.”

ಅಷ್ಟೇ ಮಾತು. ಇಷ್ಟನ್ನು ನನಗೆ ಯಾರೂ ಮತ್ತೆ ಹೇಳಬೇಕಾಗಲಿಲ್ಲ, ತುಟಿಯಲ್ಲೇ ಓದಿಕೊಂಡೆ. ಹೊರಗೆ ಬಂದಾಗ ನಿನ್ನ ಕಿಟಕಿಗೆ ಆಗಲೇ ಸುದ್ದಿ ಮುಟ್ಟಿತ್ತು. ಜುಲೈ ಹದಿನೈದು ಎಂದು ಬರೆದು ಚೀಟಿ ತಳ್ಳಿದೆ. ತಳ್ಳುವಾಗ ಇವಳನ್ನು ನೋಡಿದೆಯಲ್ಲ, ಅಂಗಡಿಯಲ್ಲಿ ಸಾಮಾನು ಎತ್ತಿಕೊಂಡವರನ್ನು ನೋಡುವ ಹಾಗೆ, ಅದನ್ನು ನೋಡದೆ ಇದ್ದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.

ಮಾತ್ರೆಗಳನ್ನು ನಾನೇ ವರ್ಕ್‌ಶಾಪಿನ ಉಪಕರಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ. ಇವಳು ಕೇಳಲೂ ಇಲ್ಲ. ಮೂರನೆಯ ದಿನ ಗಂಧೆ ಎದ್ದವು, ಭಾನುವಾರದ ಹೊತ್ತಿಗೆ ಸ್ವಲ್ಪ ಇಳಿದವು. ಮೈಗೇ ಅಭ್ಯಾಸವಾಯಿತೇನೋ ಎಂದುಕೊಂಡೆವು. ಆ ವಾರ ಬೇರೆ ವಿಶೇಷವೇನೂ ಇರಲಿಲ್ಲ.

ಬಸ್ಸಿನಲ್ಲಿ ನಾನು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಕೇಳಿದ ಹಾಗಾಯಿತು. ಮನೆಗೆ ಬಂದು ಪೆಟ್ಟಿಗೆಯ ಮಾತ್ರೆಗಳನ್ನು ಎಣಿಸಿದೆ. ಸರಿಯಾಗಿದ್ದವು. ಎಣಿಸುತ್ತಿದ್ದಾಗ ಇವಳು ಬಾಗಿಲಲ್ಲಿ ನಿಂತಿದ್ದಳು.

ತಮ್ಮ


ಮೇ ೬

ತಮ್ಮಯ್ಯ,

ಎಣಿಸಬಾರದಿತ್ತು. ಎಣಿಸಿದೆ ಎಂದು ನನಗೆ ಬರೆಯಲೂಬಾರದಿತ್ತು.

ಆದರೂ ಆ ಚುಚ್ಚು ಸುಮ್ಮನೆ ಏಳದೆ ಇರುವುದಿಲ್ಲ. ನಿನ್ನ ಪೆಟ್ಟಿಗೆಯ ಮಾತ್ರೆ ಸರಿ ಇರಬಹುದು, ಅಂಗಡಿಯಲ್ಲಿ ಮಾತ್ರೆಗೆ ಬರವೇ? ನಾನು ದೂರುತ್ತಿಲ್ಲ. ಆ ಕೆರೆತ ನಾನಾಗಿದ್ದರೆ ತಡೆಯುತ್ತಿದ್ದೆನೋ ಇಲ್ಲವೋ. ಎಲ್ಲರೂ ಇಲ್ಲ ಎಂದೇ ಹೇಳುತ್ತಾರೆ. ಪ್ರತಿ ಮಂಗಳವಾರ ಇಬ್ಬರಾದರೂ ಹೀಗೆ ವಾಪಸು ಹೋಗುತ್ತಾರೆ, ಇಬ್ಬರೂ ಇಲ್ಲ ಎಂದೇ ಹೇಳಿ ಹೋಗುತ್ತಾರೆ. ನಂಬುವುದು ನನ್ನ ಕೆಲಸದಲ್ಲಿ ಬರುವುದಿಲ್ಲ.

ಬೇರೆ ಒಂದು ವಿಷಯ. ಜನವರಿಯ ನಿನ್ನ ಪ್ರಶ್ನೆ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಕೊಂಡಿತ್ತು. ಮೇಲಧಿಕಾರಿಗೆ ಬರೆದೆ: ರೋಗಿಗಳು ಮಾತ್ರೆ ನಿಲ್ಲಿಸುವ ಮೊದಲೇ ಆ ಮಂಗಳವಾರ ಪರೀಕ್ಷೆ ಇದೆಯೋ ಇಲ್ಲವೋ ಒಂದು ಕಾರ್ಡಿನಲ್ಲಿ ತಿಳಿಸಬೇಕು ಎಂದು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ನಮ್ಮಲ್ಲಿ ಪರಿಶೀಲನೆ ಎಂದರೆ ಏನೆಂದು ನಿನಗೆ ವಿವರಿಸುವುದಿಲ್ಲ. ಕಾಯದೆ ನಾನೇ ಅಂಚೆ ಕಾರ್ಡು ತಂದು, ಊಟದ ಬಿಡುವಿನಲ್ಲಿ ಬರೆದು ಹಾಕತೊಡಗಿದೆ. ಮಂಗಳವಾರ ಪರೀಕ್ಷೆ ಇದೆ, ಮಾತ್ರೆ ನಿಲ್ಲಿಸಿ. ಅಥವಾ, ಇಲ್ಲ, ನಿಲ್ಲಿಸಬೇಡಿ.

ಮೂರು ವಾರ ನಡೆಯಿತು. ಹೆಡ್ ಗುಮಾಸ್ತರು ಕರೆದರು. ಬೈಯಲಿಲ್ಲ, ಕೂರಿಸಿ ಚಹಾ ತರಿಸಿದರು. ಅವರು ಚಹಾ ತರಿಸಿದರೆ ಎಲ್ಲರಿಗೂ ಭಯ. “ಮೇಡಂ, ನೀವು ಒಳ್ಳೆಯದಕ್ಕೇ ಬರೀತಿದ್ದೀರಿ. ಆದ್ರೆ ನೀವು ರಜೆ ಹಾಕಿದ ವಾರ ಕಾರ್ಡ್ ಹೋಗಲ್ಲ. ಬರಲಿಲ್ಲ ಅಂತ ಒಬ್ಬ ದೂರು ಕೊಟ್ಟರೆ ಯಾರ ಹೊಣೆ? ಕಾರ್ಡೇ ಇಲ್ಲದಿದ್ರೆ ದೂರೂ ಇಲ್ಲ.” ಚಹಾ ಕುಡಿದು ಬಂದೆ. ರಜೆ ಹಾಕುವುದನ್ನು ಬಿಟ್ಟಿದ್ದೇನೆ.

ಜುಲೈಯಲ್ಲಿ ನಿಮಗೂ ಕಾರ್ಡು ಬರುತ್ತದೆ. ಎಲ್ಲರಿಗೂ ಬರುವ ಕಾರ್ಡೇ.

ಅಕ್ಕ


ಜೂನ್ ೧೯

ಅಕ್ಕ,

ಬರೆಯಬಾರದೆಂದೇ ಇದ್ದೆ. ಮೊನ್ನೆ ನೋವು ಬಂದದ್ದು ಮಾತ್ರ ಹಿಂದಿನ ಯಾವುದರ ಹಾಗೂ ಇರಲಿಲ್ಲ. ಹೊಲಿಗೆ ಮಿಷನ್ನಿನ ಮೇಲೇ ಬಗ್ಗಿಬಿಟ್ಟಳು, ಸೂಜಿಯ ಕೆಳಗೆ ಬಟ್ಟೆ ಹಾಗೇ ಇತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಒಂದು ಮಾತು ಹೇಳಲೇಬೇಕು. ನಿಮ್ಮ ದೊಡ್ಡ ಆಸ್ಪತ್ರೆಗಿಂತ ಇಲ್ಲಿಯ ತುರ್ತು ವಾರ್ಡಿನವರಿಗೆ ಮುತುವರ್ಜಿ ಹೆಚ್ಚು. ಕಾರ್ಡು ತೋರಿಸಿದ ಕೂಡಲೇ ಸಿಸ್ಟರು ಕೆಂಪು ಅಕ್ಷರ ನೋಡಿ ಎರಡು ಸೂಜಿ ತಂದರು. ಎರಡು ಯಾಕೆ ಎಂದು ಕೇಳಿದೆ. ನನ್ನ ಕಿವಿಯ ಹತ್ತಿರ ಬಂದು, “ಒಂದು ನೋವಿಗೆ. ಇನ್ನೊಂದು ಅಲರ್ಜಿ ಏಳದಿರಲಿ ಅಂತ. ಕೆಂಪು ಗುರುತು ಇರೋರಿಗೆಲ್ಲ ಕೊಟ್ಟೇ ಕೊಡ್ತೀವಿ” ಎಂದರು. ನೋಡು, ಕೇಳದೆಯೇ ಕೊಡುತ್ತಾರೆ. ಏಪ್ರಿಲ್‌ನಲ್ಲೂ ಹಾಗೇ ಕೊಟ್ಟಿದ್ದರು.

ಏಪ್ರಿಲ್ ಎಂದೆನಲ್ಲ. ಆಗ ನಿನಗೆ ತಿಳಿಸಿರಲಿಲ್ಲ. ನಿಮ್ಮಲ್ಲಿಗೆ ಹೊರಡುವ ಹಿಂದಿನ ಶನಿವಾರ ನೋವು ಬಂದಿತ್ತು, ಒಂದು ರಾತ್ರಿ ವಾರ್ಡಿನಲ್ಲಿದ್ದಳು. ಹೇಳಿದರೆ ನಿಮ್ಮ ಹದಿನೈದು ದಿನದ ನಿಯಮ ತೆಗೆದು ಮತ್ತೆ ದಿನಾಂಕ ಮುಂದೆ ಹಾಕುತ್ತೀರೆಂದು ನಾನೇ ಬೇಡವೆಂದೆ. ಇವಳು ಹೇಳೋಣ ಎಂದಳು. ಡಾಕ್ಟರಮ್ಮ ಮಾತ್ರೆ ತಗೊಂಡಿದ್ದೀರಾ ಎಂದಾಗಲೂ ಇವಳು ನನ್ನ ಕಡೆ ನೋಡಿದಳು, ನಾನು ಗೋಡೆ ನೋಡಿದೆ. ಕೇಳಿದ್ದು ಮಾತ್ರೆಯ ಬಗ್ಗೆ ತಾನೇ, ನೋವಿನ ಬಗ್ಗೆ ಅಲ್ಲವಲ್ಲ.

ಸರ್ಜನ್ನು ಈ ಸಲವೂ ಬಂದು ಹೊಟ್ಟೆ ಒತ್ತಿ, ಕಾಗದ ಬಂತಾ ಎಂದು ಕೇಳಿ ಹೋದರು.

ತಮ್ಮ


ಜೂನ್ ೨೫

ತಮ್ಮಯ್ಯ,

ನಿನ್ನ ಕಾಗದವನ್ನು ಕೌಂಟರಿನಲ್ಲೇ ಓದುತ್ತಿದ್ದೆ. ಎರಡನೆಯ ಸೂಜಿಯವರೆಗೆ ಓದಿ, ಕಿಟಕಿಗೆ ಹಲಗೆ ಅಡ್ಡ ಇಟ್ಟು ಡಾಕ್ಟರಮ್ಮನ ಕೋಣೆಗೆ ಹೋದೆ. ಕೆಲಸದ ಹೊತ್ತಿನಲ್ಲಿ ಹಾಗೆ ಎದ್ದು ಹೋದದ್ದು ಇದೇ ಮೊದಲು.

ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು. ಆ ಎರಡನೆಯ ಸೂಜಿಯಲ್ಲಿರುವುದು ಗಂಧೆ ಮಾತ್ರೆಯ ಜಾತಿಯದೇ ಔಷಧ, ತಮ್ಮಯ್ಯ. ಶನಿವಾರ ಮೈಗೆ ಹೋದದ್ದು ಮಂಗಳವಾರ ಚರ್ಮವನ್ನು ಮಲಗಿಸಿಟ್ಟಿತ್ತು. ಭಾನುವಾರ ಗಂಧೆ ಇಳಿದದ್ದು ಅಭ್ಯಾಸದಿಂದಲ್ಲ. ಅಲರ್ಜಿ ಎಂದು ಬರೆದಿದ್ದಕ್ಕೆ ಆ ಸೂಜಿ ಕೊಡುತ್ತಾರೆ. ಆ ಸೂಜಿ ಕೊಟ್ಟಿದ್ದಕ್ಕೆ ಯಾವ ಅಲರ್ಜಿ ಎಂದು ತಿಳಿಯುವುದಿಲ್ಲ. ತಿಳಿಯದೆ ಇರುವುದಕ್ಕೆ ಆ ಅಕ್ಷರ ಅಳಿಸುವುದಿಲ್ಲ.

“ಸೂಜಿ ತಗೊಂಡ್ರಾ ಅಂತ ನಾವು ಕೇಳೋದೇ ಇಲ್ಲ, ಅಲ್ವಾ?” ಎಂದರು. ನಾವು ಎಂದರೆ ನಾನು. ಕಿಟಕಿಯಲ್ಲಿ ಕೇಳುವವಳು ನಾನು, ಚೀಟಿಯಲ್ಲಿ ಮಾತ್ರೆ ಎಂದಿದೆ, ಮಾತ್ರೆ ಎಂದೇ ಕೇಳುತ್ತೇನೆ. ಪ್ರತಿ ಮಂಗಳವಾರ ವಾಪಸು ಹೋಗುತ್ತಿದ್ದ ಆ ಇಬ್ಬರ ನೆತ್ತಿಗಳು ಕಣ್ಣ ಮುಂದೆ ಬಂದವು. ಮುಖ ಒಂದೂ ನೆನಪಿಗೆ ಬರಲಿಲ್ಲ.

ಹಾಗಾದರೆ ನನ್ನ ತಮ್ಮನ ಊರಿನ ಆಸ್ಪತ್ರೆಗೆ ಎರಡು ಸಾಲು ಬರೆದುಕೊಡಿ, ಪರೀಕ್ಷೆಯ ಹಿಂದಿನ ವಾರ ಈ ಸೂಜಿ ಕೊಡಬೇಡಿ ಎಂದು, ಅಂತ ಕೇಳಿದೆ. ಬರೆಯಲು ಪೆನ್ನು ತೆಗೆದವರು ನಿಲ್ಲಿಸಿದರು. ಪರೀಕ್ಷೆ ಮುಗಿದ ಮೇಲಷ್ಟೇ ರೋಗಿಯ ಹೆಸರಿಗೆ ಕಡತ ತೆರೆಯುವುದು. ಕಡತವಿಲ್ಲದವರ ಬಗ್ಗೆ ವಿಭಾಗ ಸಲಹೆ ಕೊಡುವ ಹಾಗಿಲ್ಲ. ನಾನೇ ಅವರಿಗೆ ಆ ನಿಯಮ ನೆನಪಿಸಬೇಕಾಗಿದ್ದವಳು. ಅವರೇ ನೆನಪಿಸಿಕೊಂಡರು. ನೀವಿಬ್ಬರೇ ಅಲ್ಲಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿನೋಡಿ.

ಈ ಕೆಳಗಿನದು ಅವಳಿಗೆ. ನೀನು ಓದಿ ಹೇಳಬೇಡ, ಹಾಳೆಯನ್ನೇ ಕೊಡು.

ನೀನು ಸುಳ್ಳು ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ನಾನು ಹೇಳಿದ್ದೀಯ ಎಂದುಕೊಂಡೆ, ಮೇ ತಿಂಗಳಲ್ಲಿ ಅದನ್ನು ಬರೆದೂ ಬರೆದೆ.

ಅಕ್ಕ


ಜುಲೈ ೩

ಅಕ್ಕ,

ಹಾಳೆ ಕೊಟ್ಟೆ. ಓದಿ ಮಡಿಚಿ ಬ್ಲೌಸಿನ ಅಳತೆಗಳನ್ನಿಡುವ ಡಬ್ಬಿಯಲ್ಲಿಟ್ಟಳು. ಆಮೇಲೆ ನನ್ನ ಕೈಯಿಂದ ಪೆಟ್ಟಿಗೆಯ ಬೀಗದ ಕೈ ತೆಗೆದುಕೊಂಡಳು, ಅಷ್ಟೆ.

ಆಸ್ಪತ್ರೆಗೆ ಇಬ್ಬರೂ ಹೋದೆವು. ತುರ್ತು ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ನಿನ್ನ ಕಾಗದ ಪೂರ್ತಿ ಓದಿದರು. ನೀವು ಹೇಳೋದು ಸರಿ ಎಂದರು. ಆಮೇಲೆ, “ಆದ್ರೆ ಬರೀ ನೋವಿನ ಸೂಜಿ ಕೊಟ್ಟು ಏನಾದ್ರೂ ಆದ್ರೆ, ಕೆಂಪು ಗುರುತು ನೋಡಿಯೂ ಯಾಕೆ ಬಿಟ್ಟೆ ಅಂತ ನನ್ನ ಕೊರಳಿಗೇ ಬರುತ್ತೆ. ಎರಡೂ ತಗೊಳ್ಳಿ. ಇಲ್ಲಾಂದ್ರೆ ಎರಡೂ ಬೇಡ” ಎಂದರು. ನಿನ್ನ ಕಾಗದದ ಮೇಲೆ ಮೊಹರು ಇಲ್ಲವಲ್ಲ ಎಂದೂ ಹೇಳಿದರು. ಅಕ್ಕ ತಮ್ಮನಿಗೆ ಮೊಹರು ಒತ್ತಿ ಬರೆಯುವುದಿಲ್ಲ ಎಂದೆ. ನಕ್ಕರು.

ಇವಳು ನಗಲಿಲ್ಲ. “ಹಾಗಾದ್ರೆ ಎರಡೂ ಬೇಡ” ಎಂದಳು.

ದಾರಿಯಲ್ಲಿ ತಿಳಿಯಿತು, ಅದು ಕೋಪದ ಮಾತಲ್ಲ, ತೀರ್ಮಾನ. ಎಂಟನೇ ತಾರೀಖಿನಿಂದ ಮಾತ್ರೆ ನಿಲ್ಲಿಸುತ್ತಾಳಂತೆ. ಆ ವಾರದಲ್ಲಿ ನೋವು ಬಂದರೆ ಮನೆಯಲ್ಲೇ ಕಚ್ಚಿಕೊಂಡು ಇರುತ್ತಾಳಂತೆ, ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲವಂತೆ. ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನು ಕೊಟ್ಟುಬಿಟ್ಟೆ. ಮಾತ್ರೆ ಎಣಿಸಿದವನು ಯಾವ ಬಾಯಲ್ಲಿ ಇಲ್ಲ ಎನ್ನಲಿ?

ಇದು ಸರಿಯೋ ತಪ್ಪೋ ನೀನು ಹೇಳು. ಈ ಊರಿನಲ್ಲಿ ಯಾರನ್ನು ಕೇಳಿದರೂ ನಿಯಮ ಹೇಳುತ್ತಾರೆ. ನೀನು ಬೇಡ ಎಂದು ಬರೆದರೆ ಕೇಳುತ್ತಾಳೆ. ಬೇಗ ಬರೆ, ಎಂಟರೊಳಗೆ ಮುಟ್ಟುವ ಹಾಗೆ. ಮುಟ್ಟದಿದ್ದರೆ ಆಮೇಲಾದರೂ ಬರೆ.

ತಮ್ಮ


ಜುಲೈ ೫ (ಕಾರ್ಡು)

ಮಂಗಳವಾರ, ಜುಲೈ ೧೫ರಂದು ಪರೀಕ್ಷೆ ಇದೆ. ಔಷಧ ಬಂದಿದೆ. ಎಂಟರಿಂದ ಮಾತ್ರೆ ನಿಲ್ಲಿಸಿ. ಸೂಜಿಯನ್ನೂ.


ಜುಲೈ ೧೬

ತಮ್ಮಯ್ಯ,

ನೀವು ಬರಲಿಲ್ಲ.

ಬೆಳಿಗ್ಗೆ ಸ್ಟೋರಿಗೆ ಹೋಗಿ ತಂಪು ಪೆಟ್ಟಿಗೆ ತೆರೆಸಿ ಔಷಧ ನೋಡಿಕೊಂಡು ಬಂದು ಕೂತಿದ್ದೆ. ಕಿಟಕಿಗೆ ಬಂದ ಪ್ರತಿ ನೆತ್ತಿಯನ್ನೂ ಬಗ್ಗಿ ನೋಡಿದೆ. ನಾನು ಬಗ್ಗಿದ್ದು ಕಂಡು ಒಬ್ಬಾಕೆ ಹೆದರಿ ಹಿಂದೆ ಸರಿದಳು. ಡಾಕ್ಟರಮ್ಮ ಎರಡು ಸಲ ಹೊರಗೆ ಬಂದು, ಆ ಸೂಜಿಯವರು ಬಂದ್ರಾ ಎಂದು ಕೇಳಿದರು. ಮಧ್ಯಾಹ್ನ ಹನ್ನೆರಡಕ್ಕೆ ಜಾಗ ಬೇರೆಯವರಿಗೆ ಕೊಡಬೇಕು, ಕೊಟ್ಟೆ. ಅವಳ ಹೆಸರಿನ ಮುಂದೆ ಗೈರು ಎಂದು ಬರೆದೆ. ನನ್ನ ಅಕ್ಷರವೇ.

ನಿನ್ನ ಮೂರನೇ ತಾರೀಖಿನ ಕಾಗದ ಏಳಕ್ಕೆ ಕೈಸೇರಿತ್ತು. ನನ್ನ ಕಾರ್ಡು ಅದಕ್ಕೆ ಉತ್ತರವಲ್ಲ, ಅದು ಅಷ್ಟರಲ್ಲೇ ಹೊರಟಾಗಿತ್ತು. ಉತ್ತರ ನಾನು ಬರೆಯಲಿಲ್ಲ. ಬೇಡ ಎಂದು ಬರೆಯಲು ಕೂತೆ. ಬೇಡ ಎಂದರೆ ಮತ್ತೆ ಅಕ್ಟೋಬರ್, ಮತ್ತೆ ಏಳು ದಿನ, ಅಷ್ಟರಲ್ಲಿ ಮತ್ತೆಷ್ಟು ಸಲ ನೋವು. ಆಗಲಿ ಎಂದು ಬರೆಯಲು ಹೊಟ್ಟೆ ನನ್ನದಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಫೋನು ಮಾಡಬಹುದಿತ್ತು, ನಂಬರು ಇದೆ. ಒಂದು ವಾರ ತಾನೇ, ನೋವು ಬರದೆಯೂ ಇರಬಹುದು ಎಂದುಕೊಂಡು ನಿನ್ನ ಕಾಗದವನ್ನು ಮಡಿಚಿ ಡ್ರಾಯರಿಗೆ ಹಾಕಿದೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಅವರು ಮಾಡುವಾಗ ನನಗೆ ಅದರ ಹೆಸರು ಗೊತ್ತಿರುತ್ತದೆ.

ನಿನ್ನೆ ಸಂಜೆ ಫೋನು ಮಾಡಿದೆ. ಅವರ ಮನೆಯ ಮಗು ಎತ್ತಿಕೊಂಡು, ಆ ಆಂಟಿಯನ್ನ ಕರ್ಕೊಂಡ್ಹೋದ್ರು ಎಂದು ಹೇಳಿ ಇಟ್ಟುಬಿಟ್ಟಿತು. ಎಲ್ಲಿಗೆ, ಯಾವಾಗ, ಏನೂ ಇಲ್ಲ. ಮತ್ತೆ ಮಾಡಿದರೆ ಯಾರೂ ಎತ್ತುತ್ತಿಲ್ಲ.

ಬರೆ. ಒಂದೇ ಸಾಲಾದರೂ ಸಾಕು.

ಅಕ್ಕ


ಜುಲೈ ೨೩

ಅಕ್ಕ,

ಬದುಕಿದ್ದಾಳೆ. ಮೊದಲು ಅದನ್ನು ಓದಿಕೋ.

ಶನಿವಾರ ಮಧ್ಯಾಹ್ನ ನೋವು ಬಂತು. ಗಂಧೆ ಆಗಲೇ ಕುತ್ತಿಗೆಯವರೆಗೆ ಎದ್ದಿದ್ದವು. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಮಲಗಿದಳು. ಆಸ್ಪತ್ರೆ ಎಂದು ಬಾಯಿ ತೆರೆದಾಗಲೆಲ್ಲ ಕೈ ಎತ್ತಿ ತಡೆದಳು. ಭಾನುವಾರ ಜ್ವರ. ನಿನ್ನ ಉತ್ತರ ಬರುತ್ತದೆಂದು ಶನಿವಾರದ ಅಂಚೆಯನ್ನೂ ಕಾದೆ, ಭಾನುವಾರ ಅಂಚೆ ಇಲ್ಲವೆಂದು ಗೊತ್ತಿದ್ದೂ ಬಾಗಿಲಿಗೆ ಹೋಗಿ ಬಂದೆ. ಸೋಮವಾರ ಬೆಳಿಗ್ಗೆ ಕಣ್ಣು ಹಳದಿ, ಮಾತು ಅಡ್ಡಾದಿಡ್ಡಿ. ಕೊಟ್ಟ ಮಾತು ಬಿಟ್ಟು ಎತ್ತಿಕೊಂಡು ಹೋದೆ.

ಪಿತ್ತಕೋಶ ಕೊಳೆತು ಒಡೆಯುವುದರಲ್ಲಿತ್ತಂತೆ. ಅದೇ ಸರ್ಜನ್ನು. ನಾನು ಕಾರ್ಡು ಚಾಚಿದೆ, ಪಕ್ಕಕ್ಕೆ ಸರಿಸಿದರು. ಕಾಗದ ಇನ್ನೂ ಬಂದಿಲ್ಲ ಎಂದೆ. “ಈಗ ಕಾಗದ ನೋಡೋ ಹೊತ್ತಲ್ಲ” ಎಂದರು. ಅರಿವಳಿಕೆ ಡಾಕ್ಟರು ಬೇರೆ ಊರಿನಿಂದ ಬಂದರು. ಹಳೆಯ ಐದನ್ನೂ ಬಿಟ್ಟು ಬೇರೆ ಔಷಧಗಳಲ್ಲಿ ಮಾಡಿ ಮುಗಿಸಿದರಂತೆ. ಬೇರೆ ಔಷಧಗಳು ಇದ್ದವು, ಅಕ್ಕ. ಅಲ್ಲೇ ಇದ್ದವು.

ಎರಡು ದಿನ ಕಳೆಯಿತು. ಆಮೇಲೆ ಸರ್ಜನ್ನಿನ ಕೋಣೆಗೆ ಹೋಗಿ, ಇದನ್ನೇ ಜನವರಿಯಲ್ಲಿ ಮಾಡಬಹುದಿತ್ತಲ್ಲ ಎಂದು ಕೇಳಿದೆ. ನನಗೆ ಕೇಳಿಸಲೆಂದು ಅವರು ಒಂದೊಂದೇ ಪದ ಬಿಡಿಸಿ ಹೇಳಿದರು. “ಆಗ ಸಾಯೋ ಸ್ಥಿತಿ ಇರಲಿಲ್ಲ.” ಒರಟಾಗಿ ಹೇಳಲಿಲ್ಲ. ಸಾಯುವ ಸ್ಥಿತಿಯಲ್ಲಿ ಏನಾದರೂ ಆದರೆ ರೋಗದಿಂದ ಆಯಿತು, ಇಲ್ಲದಿದ್ದರೆ ನನ್ನಿಂದ ಆಯಿತು, ಇಷ್ಟೇ ವ್ಯತ್ಯಾಸ ಎಂದು ವಿವರಿಸಿದರು. ನನ್ನ ಹೆಗಲ ಮೇಲೆ ಕೈಯನ್ನೂ ಇಟ್ಟರು.

ಈ ಸಲ ಕೊಟ್ಟ ಔಷಧಗಳ ಹೆಸರನ್ನಾದರೂ ಬರೆದುಕೊಡಿ, ಇವು ಆಗುತ್ತವೆ ಎಂದಾದರೂ ಗೊತ್ತಿರಲಿ ಎಂದೆ. ಅದು ಕೇಸ್ ಶೀಟಿನಲ್ಲಿದೆ, ಕೇಸ್ ಶೀಟು ದಾಖಲೆ ಕೋಣೆಗೆ ಹೋಗಿದೆ, ಅರ್ಜಿ ಕೊಡಿ ಎಂದರು. ಕೊಟ್ಟಿದ್ದೇನೆ. ನಿನ್ನೆ ಮನೆಗೆ ಕಳಿಸಿದರು. ಕಳಿಸುವ ಚೀಟಿಯಲ್ಲಿ ಹೀಗಿದೆ: ಅಲರ್ಜಿ ಇದೆ. ಯಾವುದು ತಿಳಿದಿಲ್ಲ. ತಜ್ಞರಲ್ಲಿ ಪರೀಕ್ಷಿಸಿಕೊಳ್ಳುವುದು.

ಹದಿನಾರರ ನಿನ್ನ ಕಾಗದ ಸಿಕ್ಕಿತು. ಬೈದು ಬರೆದರೆ ನನ್ನನ್ನೇ ಬೈದುಕೊಂಡ ಹಾಗಾಗುತ್ತದೆ, ಬೈಯದಿದ್ದರೆ ಇವಳಿಗೆ ಮೋಸ.

ತಮ್ಮ


ಆಗಸ್ಟ್ ೧೧

ತಂಗಿ,

ನಿನಗೇ ಬರೆಯುತ್ತಿದ್ದೇನೆ. ಮದುವೆಯಾಗಿ ಬಂದಾಗಿನಿಂದ ನಿನ್ನ ಬಗ್ಗೆ ಎಷ್ಟೋ ಬರೆದಿದ್ದೇನೆ, ನಿನಗೆ ಅಂತ ಒಂದು ಕಾಗದವನ್ನೂ ಬರೆದಿರಲಿಲ್ಲ.

ಹೊಲಿಗೆ ಹೇಗಿದೆ, ಗಾಯ ಒಣಗಿತೇ ಎಂದು ಕೇಳಬೇಕು. ಕೇಳಿದೆ ಎಂದುಕೋ. ಕ್ಷಮೆ ಕೇಳಿ ಒಂದು ಪುಟ ಬರೆದು ಹರಿದುಹಾಕಿದೆ. ಅದರಲ್ಲಿ ನನ್ನ ಕಷ್ಟವೇ ಜಾಸ್ತಿ ಇತ್ತು.

ಇಲ್ಲಿ ಒಂದು ದೊಡ್ಡ ಸುದ್ದಿ. ನನ್ನ ಕಾರ್ಡಿನ ಯೋಜನೆ ಪರಿಶೀಲನೆಯಿಂದ ಹೊರಬಂದಿದೆ. ಇಲಾಖೆಯೇ ಮುದ್ರಿಸಿ ಕಳಿಸಿದೆ, ಒಂದು ಕೋಣೆಯ ಮೂಲೆಯಲ್ಲಿ ಕಟ್ಟುಕಟ್ಟು. ಅಚ್ಚಾಗಿರುವುದು ನಾನು ಮೇ ತಿಂಗಳಿಗೆ ಮುಂಚೆ ಬರೆದುಕೊಟ್ಟದ್ದು: ಮಾತ್ರೆ ನಿಲ್ಲಿಸಿ. ಸೂಜಿಯ ಮಾತು ಇಲ್ಲ. ಹೆಡ್ ಗುಮಾಸ್ತರಿಗೆ ಹೇಳಿದೆ. ಈ ಕಟ್ಟುಗಳು ಮುಗಿದ ಮೇಲೆ ತಿದ್ದೋಣ ಎಂದರು. ಎಷ್ಟು ವರ್ಷಕ್ಕೆ ಮುಗಿಯಬಹುದೆಂದು ಇಬ್ಬರೂ ಕಟ್ಟುಗಳ ಕಡೆ ನೋಡಿದೆವು. ಅಚ್ಚಾದ ಕಾರ್ಡಿನ ಮೇಲೆ ಕೈಬರಹ ಕೂಡದು ಎಂದೂ ಒಂದು ಸುತ್ತೋಲೆ ಇದೆ. ನಾನು ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಈಗ ಸೂಜಿಯನ್ನೂ ಕೇಳುತ್ತೇನೆ. ಕಳೆದ ಮಂಗಳವಾರ ಒಬ್ಬ ಮುದುಕ ಹೌದು, ಎರಡು ಹಾಕಿದರು ಎಂದ. ಅವನನ್ನು ಚುಚ್ಚದೆಯೇ ವಾಪಸು ಕಳಿಸಿದೆವು. ಅವನಿಗೆ ಅದರಿಂದೇನು ಲಾಭವಾಯಿತೆಂದು ಕೇಳಬೇಡ. ಸುಳ್ಳುಗಾರ ಎನ್ನಿಸಿಕೊಳ್ಳದೆ ಹೋದ.

ಗೈರಾದವರಿಗೆ ಮುಂದಿನ ದಿನಾಂಕ ಜನವರಿ ೧೩. ಆಪರೇಷನ್ ಮುಗಿದಿದೆ, ಕಲ್ಲು ಹೋಗಿದೆ, ಇನ್ನು ಯಾರೂ ನಿನ್ನಿಂದ ಕಾಗದ ಕೇಳುವುದಿಲ್ಲ. ಬರಬೇಕೋ ಬೇಡವೋ ನೀನೇ ಹೇಳು. ತಮ್ಮಯ್ಯ ಹೇಳುವುದು ಬೇಡ. ನಾನೂ ಹೇಳುವುದಿಲ್ಲ.

ನಿನ್ನ ಅತ್ತಿಗೆ


ಆಗಸ್ಟ್ ೨೦

ಅತ್ತಿಗೆಗೆ ನಮಸ್ಕಾರ.

ಇವರಿಗೆ ತೋರಿಸದೆ ಬರೆಯುತ್ತಿದ್ದೇನೆ. ಗುಟ್ಟೇನೂ ಇಲ್ಲ. ತೋರಿಸಿದರೆ ಮೆತ್ತಗೆ ಮಾಡಿಬಿಡುತ್ತಾರೆ.

ಗಾಯ ಒಣಗಿದೆ. ಬಗ್ಗಿ ಹೊಲಿಯುವುದು ಇನ್ನೂ ಆಗುವುದಿಲ್ಲ, ಗುಂಡಿ ಹಾಕಿಕೊಂಡು ಕೂತಿದ್ದೇನೆ. ಶಾಲೆ ಶುರುವಾಗಿ ಎರಡು ತಿಂಗಳು ಮೇಲಾಯಿತು, ಮಕ್ಕಳು ಹಳೆಯ ಅಂಗಿಯಲ್ಲೇ ಹೋಗುತ್ತಿದ್ದಾವೆ.

ನೀವು ಹಾಳೆ ಕಳಿಸಿದ ದಿನ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ನಾನು ಸುಳ್ಳು ಹೇಳಿರಲಿಲ್ಲ ಎಂದು ನನಗೆ ಗೊತ್ತೇ ಇತ್ತಲ್ಲ. ಗೊತ್ತಿಲ್ಲದೆ ಇದ್ದದ್ದು ನಿಮಗೆ, ಇವರಿಗೆ, ಡಾಕ್ಟರಮ್ಮನಿಗೆ. ಎಲ್ಲರೂ ಒಟ್ಟಿಗೆ ತಿಳಿದುಕೊಂಡು ನನಗೆ ಬಂದು ಹೇಳಿದ ಹಾಗಿತ್ತು. ಜುಲೈಯಲ್ಲಿ ಆ ಹಠ ಹಿಡಿದದ್ದು ಕಲ್ಲಿಗಾಗಿ ಅಷ್ಟೇ ಅಲ್ಲ. ಆ ಚುಚ್ಚು ಏಳುವುದನ್ನು ನಿಮ್ಮೆಲ್ಲರ ಎದುರು ಒಂದು ಸಲ ನೋಡಬೇಕಿತ್ತು. ಅದಕ್ಕೆ ಪ್ರಾಣ ಕೊಡುವಷ್ಟು ದೊಡ್ಡದಲ್ಲ ಅದು, ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ.

ಬರಬೇಕೋ ಎಂದು ಕೇಳಿದ್ದೀರಿ. ನಾಳೆ ಹಲ್ಲು ಕೀಳಿಸಬೇಕಾದರೂ ಅದೇ ಕಾರ್ಡು, ಅದೇ ಕೆಂಪು ಅಕ್ಷರ. ಸಾಯೋ ಸ್ಥಿತಿ ಬರುವವರೆಗೆ ಕಾಯಿರಿ ಎಂದು ಮತ್ತೊಬ್ಬರು ಹೇಳುತ್ತಾರೆ. ಬರುತ್ತೇನೆ.

ಆದರೆ ಹದಿಮೂರಕ್ಕಲ್ಲ, ಆರಕ್ಕೇ ಬರುತ್ತೇನೆ. ಒಬ್ಬಳೇ. ಮಾತ್ರೆ ನಿಲ್ಲಿಸುವ ಏಳು ದಿನವೂ ನಿಮ್ಮ ಕಣ್ಣೆದುರೇ, ನಿಮ್ಮ ಮನೆಯಲ್ಲಿ ಇರುತ್ತೇನೆ. ಆಸ್ಪತ್ರೆಯಲ್ಲಿ ಅತ್ತಿಗೆ ಇಲ್ಲದವರು ಆ ಏಳು ದಿನ ಎಲ್ಲಿ ಕಳೆಯುತ್ತಾರೋ ನೀವೇ ಯೋಚಿಸಿ, ಅದಕ್ಕೂ ಒಂದು ಅರ್ಜಿ ಬರೆಯಿರಿ. ನನಗೆ ಸೇವೆ ಬೇಡ, ಊಟ ನಾನೇ ಮಾಡಿಕೊಳ್ಳುತ್ತೇನೆ. ಎಂಟಕ್ಕೋ ಒಂಬತ್ತಕ್ಕೋ ಗಂಧೆ ಏಳುತ್ತವೆ. ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಕೆರೆದುಕೊಂಡಿದ್ದೇನೆ, ಇವರಿಗೂ ಪೂರ್ತಿ ತೋರಿಸಿದವಳಲ್ಲ. ನಿಮ್ಮ ಮನೆಯಲ್ಲಿ ಬಾಗಿಲು ಹಾಕುವುದಿಲ್ಲ. ದಿನಾ ಬೆಳಿಗ್ಗೆ ನನ್ನ ಬೆನ್ನು ನೋಡಬೇಕು ನೀವು. ಮುಲಾಮು ಹಚ್ಚಬೇಡಿ, ಪಾಪ ಎನ್ನಬೇಡಿ. ಸುಮ್ಮನೆ ನೋಡಿ, ಆಮೇಲೆ ಕೆಲಸಕ್ಕೆ ಹೋಗಿ.

ಇಷ್ಟಕ್ಕೆ ಒಪ್ಪಿಗೆಯಿದ್ದರೆ ನನ್ನ ಹೆಸರು ಬರೆದುಕೊಳ್ಳಿ. ಇಲ್ಲದಿದ್ದರೆ ಆ ಜಾಗ ಬೇರೆ ಯಾರಿಗಾದರೂ ಕೊಡಿ.